ಕರೆ ಬಂದವಳಿಗೆ ದಾರಿ

ನನ್ನ ನಾದಿನಿಯ ಮದುವೆಯಲ್ಲಿ ಕಳಶ ಹಿಡಿದು ನಿಂತಿದ್ದವಳು ನಾನು. ಪುರೋಹಿತರು ಮಂತ್ರದ ನಡುವಿನಲ್ಲಿದ್ದರು, ಗಂಡು ತಾಳಿಯನ್ನು ಕೈಗೆತ್ತಿಕೊಂಡಿದ್ದ, ವಾಲಗದವನು ಗಟ್ಟಿಮೇಳಕ್ಕೆಂದು ಕೆನ್ನೆ ಉಬ್ಬಿಸಿಕೊಂಡಿದ್ದ. ಅಷ್ಟರಲ್ಲಿ ನನ್ನ ಎದೆ ಚುರ್ರೆಂದಿತು. ನೋಡಿಕೊಂಡರೆ ರವಿಕೆಯ ಎರಡೂ ಕಡೆ ಒದ್ದೆ. ನಾನು ಕಳಶವನ್ನು ಪುರೋಹಿತರ ಕೈಗೇ ಕೊಟ್ಟು, "ಹಿಡ್ಕೊಳಿ ಸ್ವಾಮಿ, ಕರೆ ಬಂತು" ಎಂದು ಚಪ್ಪರದಿಂದ ಓಡಿದೆ. ಅವರು ಒಂದು ಅಕ್ಷರ ತಪ್ಪಿಸದೆ, ಕಳಶ ಹಿಡಿದುಕೊಂಡೇ ಮಂತ್ರ ಮುಗಿಸಿದರಂತೆ. ಮದುವೆ ಇದ್ದದ್ದು ಕೆಳಕೇರಿಯ ಹೊಳೆದಂಡೆಯ ಬಯಲಲ್ಲಿ. ನನ್ನ ಮಗ ಗವಿರಂಗ, ಆಗ ನಾಲ್ಕು ತಿಂಗಳವನು, ಮಲಗಿದ್ದದ್ದು ಮೇಲ್ಕೇರಿಯ ನಮ್ಮ ಮನೆಯಲ್ಲಿ. ನಡುವೆ ನೂರ ಹನ್ನೆರಡು ಮೆಟ್ಟಿಲು. ನಾನು ಹೊಸ್ತಿಲು ದಾಟಿದಾಗ, ತೊಟ್ಟಿಲು ತೂಗುತ್ತಿದ್ದ ದೊಡ್ಡತ್ತೆ, "ಈಗಿನ್ನೂ ಎರಡು ಸಲ ಅತ್ತಿದಾನೆ ಕಣೆ, ಅಷ್ಟ್ರಲ್ಲಿ ಬಂದ್ಬಿಟ್ಯಾ!" ಎಂದರು. ಇದನ್ನು ನಾನು ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಇನ್ನೂ ಹೇಳುತ್ತೇನೆ. ಜಂಬ ಅನ್ನುವವರು ಅನ್ನಲಿ, ಇದ್ದವರು ತಾನೆ ಜಂಬ ಪಡುವುದು.

ನಮ್ಮದು ಬಳೆ ಮಾಡುವ ಊರು. ಗಾಜು ಕರಗಿಸುವ ಭಟ್ಟಿಗಳೆಲ್ಲ ಕೆಳಗೆ ಹೊಳೆಯ ದಂಡೆಯಲ್ಲಿವೆ. ಆ ಕಾವು, ಆ ಹೊಗೆ ಎಳೆಮಕ್ಕಳಿಗೆ ಆಗದೆಂದು ಮನೆಗಳೆಲ್ಲ ಮೇಲೆ ದಿಬ್ಬದ ನೆತ್ತಿಯಲ್ಲಿವೆ. ಗಂಡಸರು ಗಾಜು ಕರಗಿಸಿ ಎಳೆ ತೆಗೆದು ಸುತ್ತುತ್ತಾರೆ. ಹೆಂಗಸರು ಸಾಲಾಗಿ ಕೂತು, ಸಣ್ಣ ದೀಪದ ಉರಿಯಲ್ಲಿ ಬಳೆಯ ಎರಡು ತುದಿ ಹಿಡಿದು ಬೆಸೆಯುತ್ತಾರೆ. ಬೆಸುಗೆಯ ಕೆಲಸ ನಾಜೂಕಿನದು, ಕಣ್ಣು ಮಿಟುಕಿಸಿದರೆ ಬಳೆ ಸೊಟ್ಟ. ಆದರೂ ಕೂತವಳೊಬ್ಬಳು ಕೈಯಲ್ಲಿದ್ದ ಬಳೆಯನ್ನು ಹಾಗೇ ಉರಿಗೆ ಬಿಟ್ಟು ಎದ್ದರೆ ಯಾರೂ ಏಕೆಂದು ಕೇಳುವುದಿಲ್ಲ. ಅವಳ ರವಿಕೆ ನೋಡಿದರೆ ಸಾಕು. "ಕರೆ ಬಂತು, ದಾರಿ ಬಿಡ್ರೋ" ಎಂದು ಒಬ್ಬರು ಕೂಗುತ್ತಾರೆ. ಮೆಟ್ಟಿಲ ಮೇಲೆ ಗಾಜಿನ ಮೂಟೆ ಹೊತ್ತವನೂ ಗೋಡೆಗೆ ಒತ್ತಿ ನಿಲ್ಲುತ್ತಾನೆ.

ನಮ್ಮೂರ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಕರೆ ಎಂಬ ಮಾತಿಗೆ ಮೂರು ಅರ್ಥ ಎಂದು ಹಲಗೆಯ ಮೇಲೆ ಬರೆಸಿದರಂತೆ. ಕೂಗುವುದೂ ಕರೆ, ಹಾಲು ಹಿಂಡುವುದೂ ಕರೆ, ಬಾಳೆಕಾಯಿ ಹೆಚ್ಚಿದಾಗ ಬಟ್ಟೆಗೆ ಹತ್ತುವ ಕಲೆಯೂ ಕರೆ. ಮಕ್ಕಳು ಬಿದ್ದು ಬಿದ್ದು ನಕ್ಕವಂತೆ. ಕೂಸು ಮನೆಯಲ್ಲಿ ಕರೆಯುತ್ತದೆ, ತಾಯಿ ಎಲ್ಲಿದ್ದರೂ ಎದೆಯಲ್ಲಿ ಹಾಲು ಇಳಿಯುತ್ತದೆ, ರವಿಕೆಯ ಮೇಲೆ ಕರೆ ಮೂಡುತ್ತದೆ. ಇದರಲ್ಲಿ ಮೂರು ಎಲ್ಲಿಂದ ಬಂತು? ಒಂದೇ ತಾನೆ! ಆ ಮೇಷ್ಟ್ರು ಮುಂದೆ ನಮ್ಮೂರ ಹುಡುಗಿಯನ್ನೇ ಮದುವೆಯಾದರು. ಅವಳು ಸಂತೆಗೆಂದು ಏಳು ಮೈಲಿ ಆಚೆ ಹೋದವಳು ಎದೆ ಹಿಡಿದುಕೊಂಡು ಬಸ್ಸು ತಿರುಗಿಸಿಕೊಂಡು ಬಂದ ದಿನ ಹಲಗೆ ಒರೆಸಿದರು.

ಕರೆಯಾದ ರವಿಕೆಯನ್ನು ನಾವು ಹಿತ್ತಲಲ್ಲಿ ಒಣಹಾಕುವುದಿಲ್ಲ, ಬೀದಿಗೆ ಕಾಣುವಂತೆ ಮುಂದಿನ ತಂತಿಯ ಮೇಲೆ ಹಾಕುತ್ತೇವೆ. ಪ್ರತಿ ಬಾಣಂತಿಗೂ ಮೊದಲ ತುಂಬು ಕರೆ ಬಂದ ದಿನ ಭಟ್ಟಿಯ ಹಿರಿಯ ಅವಳಿಗೆಂದೇ ಒಂದು ಬಳೆ ಎಳೆಯುತ್ತಾನೆ. ಬೆಳ್ಳಗೆ, ಒಳಗೆ ಮೋಡ ಇಟ್ಟಂತೆ. ಹಾಲುಬಳೆ ಎನ್ನುತ್ತೇವೆ. ಕೂಸು ಎದೆಹಾಲು ಬಿಡುವ ತನಕ ಅದು ಕೈಯಲ್ಲಿರಬೇಕು. ಮುತ್ತೈದೆಗೆ ಬೇರೆ, ವಿಧವೆಗೆ ಬೇರೆ ಎಂಬ ಲೆಕ್ಕ ಈ ಬಳೆಗಿಲ್ಲ, ಇದು ಗಂಡನ ಹೆಸರಿನದಲ್ಲ, ಕೂಸಿನ ಹೆಸರಿನದು. ಉಳಿದ ಬಳೆಗಳ ಮಾತು ನಿಮಗೆ ಗೊತ್ತೇ ಇದೆ. ನಾನು ಹೇಳುವ ಈ ಸಂಗತಿಯ ಹೊತ್ತಿಗೆ ನನ್ನ ಯಜಮಾನರು ಹೋಗಿ ಹನ್ನೊಂದು ವರ್ಷವಾಗಿತ್ತು. ನಾಡಿಗೆಲ್ಲ ಬಳೆ ಬೆಸೆದು ಕಳಿಸುವ ನನ್ನ ಕೈಗಳು ಹನ್ನೊಂದು ವರ್ಷದಿಂದ ಬರಿದಾಗಿದ್ದವು.

ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂದು ಬೇರೆ ಊರಿನವರು ಯಾವುದ್ಯಾವುದಕ್ಕೋ ಗಾದೆ ಹೇಳುತ್ತಾರೆ. ನಮ್ಮಲ್ಲಿ ಅದು ಗಾದೆಯಲ್ಲ, ನೇಮ. ಕರೆ ಬಾರದೆ ಎದೆ ಕೊಡಬಾರದು. ಹಸಿವು ಕೂಸಿನದು, ಹೊತ್ತು ಕೂಸಿನದು. ನಡುವೆ ಬಾಯಿ ಹಾಕಲು ನಾವು ಯಾರು? ಕರೆಯದೆ ಕೊಟ್ಟರೆ ಕೂಸಿನ ನಾಲಿಗೆ ಸೋಮಾರಿಯಾಗುತ್ತದೆ, ಮುಂದೆ ಅದರ ಕರೆ ತಾಯಿಗೆ ಮುಟ್ಟುವುದಿಲ್ಲ ಎಂದು ನನ್ನ ಅತ್ತೆ ನನಗೆ ಹೇಳಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದರು. ನಾನೂ ಅದನ್ನು ನನ್ನ ಸೊಸೆಗೆ ಹೇಳಿದೆ. ನನ್ನ ಬಾಯಿಗೆ ಹುಳ ಬೀಳ!

ಸೊಸೆಯ, ಎಂದರೆ ಗವಿರಂಗನ ಹೆಂಡತಿಯ, ಹೆಸರು ಜಯಶೀಲ. ಗುಡ್ಡದಾಚೆಯ ಊರಿನವಳು, ಅಲ್ಲಿ ಈ ಕರೆ ಗಿರೆ ಏನೂ ಇಲ್ಲ. ತಾಯಿಯಿಲ್ಲದ ಹುಡುಗಿ. ಬಾಣಂತನ ನಾನೇ ಮಾಡುತ್ತೇನೆಂದು ಅವಳಪ್ಪನಿಗೆ ಎದೆ ತಟ್ಟಿ ಹೇಳಿ ಕರೆತಂದಿದ್ದೆ. ಎಂಟು ತಿಂಗಳು ತುಂಬುವ ಹೊತ್ತಿಗೇ, ಸೂಲಗಿತ್ತಿ ಬಂದು ಬಿಸಿನೀರು ಕೇಳುವುದರೊಳಗೆ, ಹೆಣ್ಣುಮಗು ಹುಟ್ಟಿತು. ಮೊರದಲ್ಲಿ ಮಲಗಿಸಿದರೆ ಮೊರವೇ ದೊಡ್ಡದಾಗಿ ಕಾಣುತ್ತಿತ್ತು. ಬೆಕ್ಕಿನ ಮರಿಯಂತೆ ಒಂದು ಸಲ ಕುಂಯ್ ಎಂದಿತು. ಆ ಕ್ಷಣ ಜಯಶೀಲಳ ರವಿಕೆಯ ಮೇಲೆ ಕರೆ ಮೂಡಿತು. ಹೊರಗಿನವಳಿಗೂ ಬಂತಲ್ಲ ಎಂದು ನಾನು ಹಿಗ್ಗಿ ಬಗ್ಗಿ ನೋಡಿದರೆ, ಮೆಣಸಿನಕಾಳಿನಷ್ಟು.

"ಇಷ್ಟೇನೇ?" ಎಂದೆ. ಹಡೆದು ಒಂದು ಗಳಿಗೆಯೂ ಆಗದವಳಿಗೆ ಹಾಗೆ ಅನ್ನಬಾರದಿತ್ತು. ಅವಳು ಸೆರಗು ಹೊದ್ದುಕೊಂಡಳು.

ಆ ದಿನ ಮತ್ತು ಮಾರನೆಯ ದಿನ ಇನ್ನೂ ಮೂರು ಸಲ ಮೆಣಸಿನಕಾಳಿನಷ್ಟು ಕರೆ ಬಂತು, ಮೂರು ಸಲ ಎದೆ ಕೊಟ್ಟಳು. ಮೂರನೆಯ ದಿನ ಕರೆ ಬರಲಿಲ್ಲ. ಕೂಸು ಮಲಗೇ ಇತ್ತು. ನೋಡಲು ಬಂದವರಿಗೆಲ್ಲ ನಾನು, "ನನ್ನ ಮೊಮ್ಮಗಳು ರಾಜಗಾಂಭೀರ್ಯದೋಳು, ಕಂಡಕಂಡಂಗೆ ಬಾಯಿ ಮಾಡಲ್ಲ" ಎಂದು ಕೊಚ್ಚಿಕೊಂಡೆ. ನಾಲ್ಕನೆಯ ದಿನ ಬಟ್ಟೆಯನ್ನೂ ಒದ್ದೆ ಮಾಡಲಿಲ್ಲ. "ಎಷ್ಟು ಅಚ್ಚುಕಟ್ಟು ನೋಡ್ರೇ" ಎಂದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಅತ್ತ ಜಯಶೀಲಳ ಎದೆ ಕಲ್ಲಿನ ಹಾಗೆ ಬಿಗಿದಿತ್ತು. ಮೈ ಕಾದಿತ್ತು. ಮಗ್ಗುಲಾದರೆ ನರಳುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಅವಳು ನನ್ನ ಕೈ ಹಿಡಿದುಕೊಂಡಳು.

"ಅತ್ತೆಮ್ಮ, ಒಂದು ಸಲ ಕೊಟ್ಟು ನೋಡ್ತೀನಿ. ನಮ್ಮೂರಲ್ಲಿ ಅಳಲಿ ಬಿಡಲಿ, ಹೊತ್ತಿಗೆ ಎತ್ಕೊಂಡು ಕೊಡ್ತಾರೆ. ಏನೂ ಆಗಲ್ಲ."

"ನಿಮ್ಮೂರ ಮಾತು ನಿಮ್ಮೂರಲ್ಲಿ. ಕರೆ ಬರದೆ ಕೊಟ್ಟು ಕೂಸಿನ ಕರೆನೇ ಕೆಡಿಸಿಬಿಟ್ರೆ ಆಮೇಲೇನು ಮಾಡ್ತೀಯ?"

"ಅದು ಸಣ್ಣಗಾಗ್ತಿದೆ ಅತ್ತೆಮ್ಮ."

ನಾನು ಮೊರದ ಕಡೆ ನೋಡಿದೆ. ಸಣ್ಣಗಾಗಿತ್ತು. ಹಣೆಯ ಚರ್ಮ ಅಜ್ಜಿಯ ಹಣೆಯಂತೆ ನೆರಿಗೆಯಾಗಿತ್ತು. ನನಗೆ ಹೆದರಿಕೆಯಾಯಿತು, ಅದನ್ನು ಒಪ್ಪಿಕೊಳ್ಳುವ ಬದಲು ಸಿಟ್ಟು ಮಾಡಿಕೊಂಡೆ. ಕೂಸು ಸೊರಗುತ್ತಿದೆ ಎಂದರೆ ಅದು ಹಸಿದಿದೆ. ಹಸಿದಿದೆ ಎಂದರೆ ಕರೆದೇ ಇರಬೇಕು. ಕರೆದದ್ದು ತಾಯಿಗೆ ಮುಟ್ಟುತ್ತಿಲ್ಲ ಎಂದರೆ, ಬೇರೆ ಯಾರಿಗೋ ಮುಟ್ಟುತ್ತಿದೆ! ನಮ್ಮೂರಿನವರಿಗೆ ಮಾತ್ರ ಹೊಳೆಯಬಹುದಾದ ಇಂಥ ಬುದ್ಧಿವಂತಿಕೆ ಹೊಳೆದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಭಟ್ಟಿಗೆ ಇಳಿದೆ.

ಬೆಸುಗೆಯ ಸಾಲಿನಲ್ಲಿ ಎದೆಹಾಲಿನ ತಾಯಂದಿರು ಆಗ ಒಂಬತ್ತು ಜನ. ಒಬ್ಬೊಬ್ಬಳ ಮುಂದೆಯೂ ನಿಂತು ಪೊಲೀಸಿನವರಂತೆ ವಿಚಾರಿಸಿದೆ. "ನಿಂಗೆ ಈ ಎರಡು ದಿನದಲ್ಲಿ ನಿಂದಲ್ಲದ ಕರೆ ಏನಾದ್ರೂ ಬಂತೇನೆ?"

ಪಕ್ಕದ ಮನೆಯ ಪುಟ್ಟಗೌರಿಗೆ ನಗು ಬಂತು. "ನಂಗೆ ನಂದೇ ಸಾಕಾಗಿದೆ ದೇವಾಜಕ್ಕ. ನನ್ನ ಮಗ ಬಳೆ ಬಳೆಗೂ ಕರೀತಾನೆ. ಇನ್ನೊಂದು ಕೂಸಿಂದೂ ಬಂದಿದ್ರೆ ಮೆಟ್ಟಿಲ ಮೇಲೇ ಸಂಸಾರ ಹೂಡ್ಬೇಕಿತ್ತು."

ಒಬ್ಬಳು ಎಂಟು ತಿಂಗಳಿಗೇ ಹುಟ್ಟಿದ ಕೂಸಿನ ಕರೆ ದಾರಿ ತಪ್ಪುವುದುಂಟು ಎಂದಳು. ಮತ್ತೊಬ್ಬಳು ಹೊರಗಿನ ಹೆಣ್ಣು ತಂದರೆ ಹೀಗೇ ಎಂದಳು. ಈ ಮಾತು ನನಗೆ ಸೇರಲಿಲ್ಲ. ನನ್ನ ಸೊಸೆಯನ್ನು ಬೈಯುವುದಿದ್ದರೆ ನಾನು ಬೈಯಬೇಕು. ಅವಳಿಗೆ ನಾಲ್ಕು ಮಾತು ತಿರುಗಿಸಿ ಕೊಟ್ಟು, ಸಾಲಿನ ಕೊನೆಗೆ ಹೋಗಿ ಕಂಬಕ್ಕೆ ಒರಗಿ ನಿಂತೆ. ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದುಕೊಂಡೆ.

ಅಲ್ಲಿ ಮುದ್ದಯ್ಯ ಕೂತಿದ್ದ. ಭಟ್ಟಿಗೆ ಹಿರಿಯ ಅವನೇ, ಹಾಲುಬಳೆ ಎಳೆಯುವ ಕೈ ಅವನದೇ. ನನ್ನ ಕೈಗೂ ಮೂರು ಸಲ ಹಾಲುಬಳೆ ತೊಡಿಸಿದವನು. ಜಯಶೀಲಳ ಬಳೆಗೆ ಬಿಳಿ ಗಾಜು ಆರಿಸಿಟ್ಟು ತುಂಬು ಕರೆಗಾಗಿ ಕಾಯುತ್ತಿದ್ದ.

"ದೇವಾಜಿ, ಈ ಭಟ್ಟಿ ಸದ್ದು ಕೇಳುಸ್ತಾ ಇದ್ಯಾ?" ಎಂದ.

"ನಲವತ್ತು ವರ್ಷದಿಂದ ಕೇಳ್ತಿದೀನಿ ಮುದ್ದಣ್ಣ. ಈಗ ಅದ್ಯಾಕೆ?"

"ಆ ಮೂಲೇದು?"

ಮೂಲೆಯ ಭಟ್ಟಿ ಸುಮ್ಮನಿತ್ತು. ಉಳಿದವು ಭೋರೆನ್ನುತ್ತಿರುವಾಗ ಅದೊಂದೇ ಸುಮ್ಮನಿತ್ತು.

"ಅದು ಸುಮ್ಮನಿದೆ."

"ಹೊಟ್ಟೆ ತುಂಬಿ ಸುಮ್ಮನಿದ್ಯಾ?" ಮುದ್ದಯ್ಯ ಮಂಡಿಯ ಮೇಲೆ ಕೈಯೂರಿ ಎದ್ದ. "ಉರಿಯೋ ಭಟ್ಟಿ ಕೂಗ್ತದೆ. ಆರೋ ಭಟ್ಟಿ ಕೂಗಲ್ಲ ಕಣವ್ವ. ಕೂಗೋಕೂ ಉರಿ ಬೇಕು. ಅದೇ ಕೇಳ್ಲಿ, ಆಮೇಲೆ ಸೌದೆ ಹಾಕಾನ ಅಂತ ಕಾದ್ರೆ ಬೂದಿನೇ ಗತಿ."

ಹೀಗೆಂದು ಅವನು ಸೌದೆ ತೆಗೆದುಕೊಂಡು ಮೂಲೆಗೆ ಹೋದ. ನಲವತ್ತು ವರ್ಷ ಆ ಸದ್ದಿನ ಪಕ್ಕದಲ್ಲಿ ಕೂತವಳಿಗೆ, ಸದ್ದು ನಿಂತ ಭಟ್ಟಿಯ ಕಡೆಗೇ ಮೊದಲು ಓಡಬೇಕೆಂದು ಗೊತ್ತಿದ್ದವಳಿಗೆ, ಮನೆಯೊಳಗಿನ ಮೊರದಲ್ಲಿ ಅದು ಕಾಣಲಿಲ್ಲವಲ್ಲ!

ಓಡಿದೆ. ನನಗೆ ಆಗ ಐವತ್ತಾರು. ಮೆಟ್ಟಿಲ ತುಂಬ ಜನ. ಕೆಳಗಿನಿಂದ ಪೋಣಿಸಿದ ಬಳೆಗಳ ಮಲಾರ ಹೆಗಲಿಗೆ ಹಾಕಿಕೊಂಡು ಮಾರುವವರು ಹತ್ತುತ್ತಿದ್ದರು, ಮೇಲಿನಿಂದ ಮೂಟೆಯವರು ಇಳಿಯುತ್ತಿದ್ದರು. ಮುದುಕಿಗೆ ಯಾರು ದಾರಿ ಬಿಡುತ್ತಾರೆ? ಬಾಯಿಗೆ ಬಂದದ್ದು ಒಂದೇ ಮಾತು. "ಕರೆ ಬಂತು! ದಾರಿ ಬಿಡ್ರೋ!" ಎಂದು ಅರಚಿದೆ. ಕೂದಲು ನೆರೆತವಳು, ರವಿಕೆ ಒಣಕಲು. ಮೂಟೆಯವರು ಬಾಯಿ ಬಿಟ್ಟುಕೊಂಡು ನೋಡಿದರು, ಒಂದಿಬ್ಬರು ನಕ್ಕರು. ಆದರೆ ಕರೆ ಎಂದವಳನ್ನು ತಡೆದು ನೋಡುವ ಪದ್ಧತಿ ನಮ್ಮೂರಲ್ಲಿಲ್ಲ. ಗೋಡೆಗೆ ಒತ್ತಿ ನಿಂತರು. ನನ್ನ ಜೀವಮಾನದಲ್ಲಿ ಕರೆಯ ವಿಷಯದಲ್ಲಿ ನಾನು ಆಡಿದ ಮೊದಲ ಸುಳ್ಳು ಅದು.

ಮನೆಗೆ ಬಂದರೆ ಬಾಣಂತಿ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ.

"ಶೀಲಾ, ಬಾಗಿಲು ತೆಗಿ."

"ತೆಗೆಯಲ್ಲ ಅತ್ತೆಮ್ಮ. ಬೈರಿ, ಹೊಡೀರಿ, ಮನೆಯಿಂದ ಆಚೆ ಹಾಕಿ. ನಾನು ಕೊಡ್ತೀನಿ. ಕರೆ ಬರ್ದಿದ್ರೂ ಕೊಡ್ತೀನಿ. ನನ್ನ ಮಗು ಸಾಯ್ತಾ ಇದೆ."

"ಕೊಡು ಕಣೇ ನನ್ನವ್ವ! ಕೊಡು ಅಂತ ಹೇಳೋಕೇ ಓಡಿ ಬಂದಿದೀನಿ. ತಪ್ಪು ನಂದು. ಬಾಗಿಲು ತೆಗಿ."

ಚಿಲಕ ಸರಿಯಿತು. ಅವಳು ಬಾಗಿಲ ಸಂದಿಯಲ್ಲಿ ನನ್ನ ಮುಖ ನೋಡಿ, ಅದರಲ್ಲಿ ಏನು ಕಂಡಳೋ, ಕೂಸನ್ನು ಎತ್ತಿ ನನ್ನ ಕೈಗೇ ಕೊಟ್ಟಳು. "ಬಾಯಿಗೆ ಇಟ್ರೂ ಚೀಪ್ತಿಲ್ಲ ಅತ್ತೆಮ್ಮ. ನಂಗೂ ಇಳೀತಿಲ್ಲ."

ಕೂಸು ತಣ್ಣಗಿತ್ತು. ಮೊದಲು ನಾನು ಅದಕ್ಕೆ ಸುತ್ತಿದ್ದ ಬಟ್ಟೆಯನ್ನೆಲ್ಲ ಬಿಚ್ಚಿದೆ. ಬೆಚ್ಚಗಿರಲಿ ಎಂದು ನಾನೇ ಬಿಗಿದು ಬಿಗಿದು ಸುತ್ತಿದ್ದೆ. ತಣ್ಣಗಿರುವುದನ್ನು ಎಷ್ಟು ಸುತ್ತಿದರೂ ಒಳಗೆ ತಣ್ಣಗೇ. ಜಯಶೀಲಳ ರವಿಕೆ ಬಿಚ್ಚಿಸಿ, ಬರಿಮೈಯ ಕೂಸನ್ನು ಅವಳ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಇಬ್ಬರನ್ನೂ ಸೇರಿಸಿ ಕಂಬಳಿ ಹೊದಿಸಿದೆ. "ನೆತ್ತಿ ಮೂಸು" ಎಂದೆ. ಅವಳು ಮೂಗು ನೆತ್ತಿಗೆ ಇಟ್ಟಳು. ನಾನು ಕಂಬಳಿಯೊಳಗೆ ಕೈಯಿಟ್ಟು ನೋಡುತ್ತಿದ್ದೆ. ಅವಳ ಎದೆ ಜ್ವರದ ಬಿಸಿಯನ್ನೂ ಮೀರಿ ಬಿಸಿಯಾಗುತ್ತ ಹೋಯಿತು. ಕೂಸಿನ ಬೆನ್ನು ಬೆಚ್ಚಗಾಯಿತು, ಪಾದ ಬೆಚ್ಚಗಾಯಿತು. ಆಮೇಲೆ ಅವಳ ಎದೆ ತಾನಾಗಿ ಹದಕ್ಕೆ ಬಂತು. ಯಾರು ಹೇಳಿಕೊಟ್ಟರು ಆ ಎದೆಗೆ? ಗುಡ್ಡದಾಚೆಯವಳ ಎದೆ, ನಮ್ಮೂರ ನೇಮ ಒಂದೂ ಕಲಿಯದ ಎದೆ! ಜೀವಮಾನವಿಡೀ ಉರಿ ಕಾದ ಮುದ್ದಯ್ಯನಿಗೂ ಭಟ್ಟಿಯನ್ನು ಅಷ್ಟು ಹದವಾಗಿ ಇಡಲು ಬರುವುದಿಲ್ಲ.

ಹಾಲು ಮಾತ್ರ ಇಳಿಯಲಿಲ್ಲ. ಕೂಸಿನ ಬಾಯಿ ಎದೆಯ ತುದಿಗೆ ತಾಗಿಯೂ ಸುಮ್ಮನಿತ್ತು. ಆಗ ನಾನು ಬಿಸಿನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಅವಳ ಎದೆಗೆ ಕಾವು ಕೊಟ್ಟು, ಕೈ ತೊಳೆದುಕೊಂಡು ಕೂತೆ. ತವರಿನಲ್ಲಿ ಹುಡುಗಿಯಾಗಿದ್ದಾಗ ಎರಡು ಎಮ್ಮೆ ಒಂದು ಹಸು ಕರೆದ ಕೈ ಇದು.

"ಏನು ಮಾಡ್ತೀರಿ ಅತ್ತೆಮ್ಮ?"

"ಕರೀತೀನಿ. ಅದು ಕರೀಲಿಲ್ಲ ತಾನೆ? ನಾವೇ ಕರೆಯೋಣ."

ಹೇಳಿದ ಮೇಲೆ ನನಗೇ ಆ ಮಾತು ಕೇಳಿಸಿತು. ನೂರು ವರ್ಷದಿಂದ ನಾವು ಆ ಮಾತನ್ನು ಕೂಸಿನ ಬಾಯಲ್ಲಿ ಮಾತ್ರ ಇಟ್ಟಿದ್ದೆವು. ತಾಯಿಯೂ ಕರೆಯಬಹುದು ಎಂದು ಯಾರಿಗೂ ತೋಚಿರಲಿಲ್ಲ, ಮಾತು ಮಾತ್ರ ಮೊದಲಿನಿಂದ ಅಲ್ಲೇ ಇತ್ತು.

ಜಯಶೀಲ ಹಲ್ಲು ಕಚ್ಚಿ ಹಿಡಿದಿದ್ದಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನೋವಾದ್ರೆ ಕೂಗು" ಎಂದರೆ, "ನಾನು ಕೂಗಲ್ಲ ಅತ್ತೆಮ್ಮ, ಅವಳು ಕೂಗ್ಲಿ" ಎಂದಳು. ಎಂಥ ಹೆಣ್ಣು! ಒತ್ತಿ, ಬಿಟ್ಟು, ಒತ್ತಿ, ಬಿಟ್ಟು, ಬಹಳ ಹೊತ್ತಿನ ಮೇಲೆ ತುದಿಯಲ್ಲಿ ಒಂದು ಹನಿ ನಿಂತಿತು. ಅರಿಶಿನ ಕಲಸಿದಂತೆ ಹಳದಿ. ಕೂಸಿಗೆ ಕುಡಿಸುವ ಒಳಲೆ ಹಿಡಿದು ಆ ಹನಿಯನ್ನೂ ಅದರ ಹಿಂದಿನ ನಾಲ್ಕು ಹನಿಗಳನ್ನೂ ಹಿಡಿದೆ. ಒಳಲೆಯ ಕೊಕ್ಕನ್ನು ಕೂಸಿನ ತುಟಿಗೆ ಮುಟ್ಟಿಸಿದೆ. ಒಂದು ಹನಿ ಕೆನ್ನೆಯ ಮೇಲೆ ಹರಿದು ಹೋಯಿತು. ಎರಡನೆಯದಕ್ಕೆ ನಾಲಿಗೆ ಅಲುಗಿತು. ಮೂರನೆಯದನ್ನು ನುಂಗಿತು. ಗಂಟಲಲ್ಲಿ ಗುಟುಕ್ ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅತ್ತೆವು.

ಅಂದು ಮಧ್ಯಾಹ್ನವೇ ಗವಿರಂಗ ಭಟ್ಟಿಯಿಂದ ಒಂದು ಬೆಸುಗೆ ದೀಪ ತಂದಿಟ್ಟ. ನಾವಿಬ್ಬರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ, ಗಂಡಸರು ಇಂಥ ಹೊತ್ತಿನಲ್ಲಿ ಇರುವಂತೆ ಬಾಗಿಲ ಹೊರಗೆ ನಿಂತೇ ಇದ್ದ. ಆ ದೀಪದ ಎಣ್ಣೆ ಮುಗಿಯುವ ಹೊತ್ತಿಗೊಮ್ಮೆ ಕೂಸನ್ನು ಎಬ್ಬಿಸುವುದು, ಅಂಗಾಲು ಉಜ್ಜುವುದು, ಕರೆದು ಕುಡಿಸುವುದು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಕೂಸು ಮುಷ್ಟಿ ಬಿಚ್ಚಿತು. ಐದು ಬೆರಳನ್ನೂ ಅಗಲಿಸಿ ತಾಯಿಯ ಎದೆಯ ಮೇಲಿಟ್ಟು, ಹಿಟ್ಟು ನಾದಿದಂತೆ ಒಂದು ಸಲ ಒತ್ತಿತು. "ಅತ್ತೆಮ್ಮಾ, ಚುರ್ರಂತು!" ಎಂದು ಜಯಶೀಲ ಕಿರುಚಿದಳು. ಹಾಲು ಇಳಿದ ರಭಸಕ್ಕೆ ಕೂಸಿನ ಮುಖವೆಲ್ಲ ತೊಯ್ದುಹೋಯಿತು. ಅಳಲಿಲ್ಲ, ದನಿ ತೆಗೆಯಲಿಲ್ಲ. ಬೆರಳಿನಿಂದ ಕೇಳಿತು, ಅವಳ ಮೈ ಕೊಟ್ಟಿತು. ಅದೂ ಕರೆಯೇ ಅಲ್ಲವೇ? ಕಿವಿಗೆ ಬೀಳುವುದೇ ಕರೆ ಎಂದು ನಮಗೆ ಹೇಳಿದವರಾರು!

ಊರಿಗೆ ಸುದ್ದಿ ಮುಟ್ಟಿತು. ಕರೆ ಬಾರದೆ ಹಾಲು ಕೊಟ್ಟರಂತೆ ಎಂದು ಮೂಗು ಮುರಿಯಲು ಬಂದವರನ್ನು ನಾನು ಕೂಸಿನ ಮುಂದೆ ಕೂರಿಸಿದೆ. ಬೆರಳು ನೋಡಿ, ಕೆನ್ನೆ ನೋಡಿ, ಒಣಹಾಕಿದ ಬಟ್ಟೆ ನೋಡಿ, ಎದ್ದು ಹೋದರು. ಪುಟ್ಟಗೌರಿ ಮಾತ್ರ ಗುಟ್ಟಾಗಿ, "ದೇವಾಜಕ್ಕ, ನನ್ನ ಮೊದಲನೇದೂ ಹಿಂಗೇ ಸುಮ್ಮನಿತ್ತು" ಎಂದಳು. ಅವಳ ಮೊದಲನೆಯದು ಉಳಿದಿರಲಿಲ್ಲ. ಅವಳು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ.

ಇನ್ನೊಂದು ಬಾಕಿ ಇತ್ತು. ಸುಳ್ಳು ಕರೆ ಕೂಗಿದವರು ನೂರ ಹನ್ನೆರಡು ಮೆಟ್ಟಿಲನ್ನೂ ಗುಡಿಸಬೇಕು, ಅದು ನಮ್ಮೂರ ಕಟ್ಟಳೆ. ಮುದುಕಿಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ತಪ್ಪನ್ನು ಮಾಫಿ ಮಾಡಲು ಅವರು ಯಾರು? ಹನ್ನೊಂದನೆಯ ದಿನ ಕೂಸಿಗೆ ಎಣ್ಣೆನೀರು ಹಾಕಿ ಮಲಗಿಸಿ, ಪೊರಕೆ ಹಿಡಿದು ಮೆಟ್ಟಿಲಿಗೆ ಇಳಿದೆ. ಮೇಲಿನಿಂದ ಗುಡಿಸುತ್ತ ಬಂದು ಕೆಳಗಿನ ಹತ್ತು ಮೆಟ್ಟಿಲು ಉಳಿದಿದ್ದವು. ಮೂಟೆಯವರು, "ಏನ್ ದೇವಾಜಮ್ಮ, ಇವತ್ತೂ ಕರೆ ಬರ್ತದಾ?" ಎಂದು ಚೇಷ್ಟೆ ಮಾಡುತ್ತ ಇಳಿಯುತ್ತಿದ್ದರು. "ಬಂದ್ರೆ ನಿನ್ನ ತಳ್ಕೊಂಡೇ ಹೋಗ್ತೀನಿ ಕಣೋ" ಎನ್ನುತ್ತ ನಾನೂ ಗುಡಿಸುತ್ತಿದ್ದೆ.

ಆಗ ಎದೆ ಚುರ್ರೆಂದಿತು.

ಭಟ್ಟಿಯಿಂದ ಕಿಡಿ ಹಾರಿ ಬಿತ್ತೇನೋ ಎಂದುಕೊಂಡೆ. ಕೊಡವಲು ಕೈ ಎತ್ತಿದೆ. ಎಡಗಡೆ, ರವಿಕೆಯ ಮೇಲೆ, ಒದ್ದೆ. ಇಪ್ಪತ್ತೇಳು ವರ್ಷದ ಹಿಂದೆ ನನ್ನ ಕೊನೆಯ ಮಗು ಹಾಲು ಬಿಟ್ಟ ಮೇಲೆ ಮರೆತೇ ಹೋಗಿದ್ದ ಆ ಚುರುಕು, ಬೇರೆ ಯಾವುದೂ ಅಲ್ಲದ ಆ ಚುರುಕು! ಬಗ್ಗಿ ನೋಡಿಕೊಂಡೆ. ಮೆಣಸಿನಕಾಳಿನಷ್ಟು. ಸರಿಯಾಗಿ ಮೆಣಸಿನಕಾಳಿನಷ್ಟೇ. ನೀರು ಒಯ್ಯಲು ಬಂದಿದ್ದ ಪುಟ್ಟಗೌರಿ ಕೊಡ ಕೆಳಗಿಟ್ಟು, "ದೇವಾಜಕ್ಕ... ಕರೆ..." ಎಂದು ಬೆರಳು ತೋರಿಸಿದಳು. ಮೂಟೆಯವರ ನಗು ನಿಂತಿತು.

ಪೊರಕೆ ಎಸೆದೆ. "ಕರೆ ಬಂತು, ದಾರಿ ಬಿಡ್ರೋ!" ಎಂದು ಕೂಗಿದ್ದು ಈ ಸಲ ನಾನಲ್ಲ, ಭಟ್ಟಿಯ ಬಾಗಿಲಲ್ಲಿ ನಿಂತಿದ್ದ ಮುದ್ದಯ್ಯ. ಹತ್ತುವವರು ಇಳಿಯುವವರು ಎಲ್ಲ ಗೋಡೆಗೆ ಒತ್ತಿ ನಿಂತರು, ಗವಿರಂಗ ಎಳೆಗೂಸಾಗಿದ್ದಾಗ ನಿಂತ ಹಾಗೆ. ನನ್ನ ಮಂಡಿನೋವು ಎಲ್ಲಿ ಹೋಯಿತೋ ಕಾಣೆ.

ಜಯಶೀಲ ಕೂಸನ್ನು ಎದೆಗೆ ಕಚ್ಚಿಸಿಕೊಂಡು ಹೊಸ್ತಿಲಿಗೇ ಬಂದು ನಿಂತಿದ್ದಳು. ರವಿಕೆ, ಸೆರಗು, ನಿರಿಗೆಯ ತನಕ ತೊಯ್ದುಹೋಗಿತ್ತು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಅತ್ತೆಮ್ಮ, ಕೂಗಿದ್ಲು! ಬೀದಿಗೆಲ್ಲ ಕೇಳೋ ಹಂಗೆ ಕೂಗಿದ್ಲು! ನೀವಿರಬೇಕಿತ್ತು!"

"ಗೊತ್ತು ಕಣೆ" ಎಂದೆ, ಏದುಸಿರು ಬಿಡುತ್ತ. "ನಂಗೂ ಬಂತು."

ಅವಳು ನನ್ನ ಮುಖ ನೋಡಿದಳು. ಆಮೇಲೆ ರವಿಕೆ ನೋಡಿದಳು. ಆ ಮೆಣಸಿನಕಾಳನ್ನು ನೋಡಿ ಅವಳು "ಇಷ್ಟೇನಾ?" ಎನ್ನಬಹುದಿತ್ತು, ನಾನಾಗಿದ್ದರೆ ಅಂದೇ ಬಿಡುತ್ತಿದ್ದೆ. ಅವಳೋ, ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈಯಿಂದ ನನ್ನ ಕುತ್ತಿಗೆ ಬಳಸಿ, "ಅವ್ವಾ" ಎಂದಳು.

ಸಂಜೆಗೆ ಮುದ್ದಯ್ಯ ಬಂದ. ಮಡಿಲಲ್ಲಿ ಎರಡು ಹಾಲುಬಳೆ. ಸೊಸೆಗೆ ತೊಡಿಸಿದ ಮೇಲೆ ನನ್ನ ಕೈ ಹಿಡಿದ. ಬೇಡ ಅನ್ನಬೇಕೆಂದು ಬಾಯಿ ತೆರೆದವಳು ಬೆರಳು ಮಡಚಿ ಕೊಟ್ಟೆ. ಕೈ ದಪ್ಪವಾಗಿತ್ತು, ಗಂಟು ಅಡ್ಡ ಬಂತು. ಸೋಪು ಹಚ್ಚಿ, ಒತ್ತಿ, ನನ್ನಿಂದ ಅಯ್ಯೋ ಅನ್ನಿಸಿ ಕೊನೆಗೆ ಏರಿಸಿದ. ಹನ್ನೊಂದು ವರ್ಷದ ಮೇಲೆ ನನ್ನ ಕೈ ಗೋಡೆಗೆ ತಾಗಿದಾಗ ಬಳೆಯ ಸದ್ದಾಯಿತು.

ಈಗ ನಮ್ಮೂರಲ್ಲಿ ಸುಮ್ಮನೆ ಮಲಗಿರುವ ಕೂಸನ್ನು ಯಾರೂ ರಾಜಗಾಂಭೀರ್ಯ ಅನ್ನುವುದಿಲ್ಲ. ಬೆಸುಗೆ ದೀಪವೊಂದನ್ನು ಪ್ರತಿ ಬಾಣಂತಿ ಕೋಣೆಗೂ ಕಳಿಸುತ್ತಾರೆ, ಎಣ್ಣೆ ಮುಗಿದರೆ ಎಬ್ಬಿಸಿ ಕರೆಯುತ್ತಾರೆ. ನನ್ನ ಮೊಮ್ಮಗಳು ಚೆನ್ನಾಜಿಗೆ ಎಂಟು ವರ್ಷ. ಅವಳು ಮೇಲ್ಕೇರಿಯಲ್ಲಿ ಕೂಗಿದರೆ ಭಟ್ಟಿಯ ಸದ್ದಿನಲ್ಲೂ ಕೇಳಿಸುತ್ತದೆ, ಅವಳ ಬಾಯಿ ಮುಚ್ಚಿಸುವುದೇ ಈಗ ನಮಗೆಲ್ಲ ಕೆಲಸ. ಅವಳು ಎದೆಹಾಲು ಬಿಟ್ಟ ದಿನ ಜಯಶೀಲ ಪದ್ಧತಿಯಂತೆ ತನ್ನ ಹಾಲುಬಳೆ ತೆಗೆದು ಡಬ್ಬಿಯಲ್ಲಿಟ್ಟಳು. ನನ್ನದು ಇನ್ನೂ ಕೈಯಲ್ಲೇ ಇದೆ. ಬಿಚ್ಚು ಅಂತ ಯಾರಾದರೂ ಬಂದು ಹೇಳಲಿ, ನೋಡೇಬಿಡೋಣ.